ಬೆಳ್ಳಿಯೋ ಜರ್ಮನ್ನೋ

ಮೊನ್ನೆ ಕನ್ನಡಿಗೆ ಮತ್ತೊಮ್ಮೆ ಲೇಪ ಹಾಕಿಸಬೇಕಾಗಿ ಬಂತು. ಮುಖ ನೋಡಿಕೊಳ್ಳುವ ಕನ್ನಡಿಯಲ್ಲ, ದೂರದರ್ಶಕದ ಕನ್ನಡಿ. ಅಪ್ಪ ಕೈಯಿಂದ ತಿಕ್ಕಿ ತಿಕ್ಕಿ ಮಾಡಿದ್ದು. ಚಹಾದ ಬಸಿಗಿಂತ ಸ್ವಲ್ಪ ದೊಡ್ಡದು, ಹೆಬ್ಬೆರಳಿನಷ್ಟು ದಪ್ಪ, ನಡುವೆ ಕಂಡೂ ಕಾಣದಷ್ಟು ತಗ್ಗು. ಹಿಂದೆ ಹಾಕಿಸಿದ್ದ ಲೇಪ ಅಲ್ಲಲ್ಲಿ ಸೂಜಿ ಚುಚ್ಚಿದ ಹಾಗೆ ತೂತುಬಿದ್ದಿತ್ತು. ಪುಣೆಯ ಕಡೆ ಒಬ್ಬರು ಈ ಕೆಲಸ ಮಾಡುತ್ತಾರೆಂದು ತಿಳಿದು ಫೋನ್ ಹಚ್ಚಿದೆ. ಅವರು ಬಹಳ ಮರ್ಯಾದೆಯಿಂದ ಕೇಳಿದರು: ಸಾದಾ ಅಲ್ಯುಮಿನಿಯಂ ಹಾಕಲೇ, ಅದರ ಮೇಲೆ ಕಾಯುವುದಕ್ಕೆ ಇನ್ನೊಂದು ಗಟ್ಟಿ ಪದರ ಕೂಡಿಸಲೇ, ಇಲ್ಲ ಬೆಳ್ಳಿಯೇ ಬೇಕೇ? ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಎಂದೂ ನಾಚಿಕೆಯಾಗಿಲ್ಲ, ಈಗಂತೂ ಆಗುವುದಿಲ್ಲ. ಇಂಥ ಪ್ರಶ್ನೆಗೆ ನಿಂತ ಕಾಲ ಮೇಲೆ ಉತ್ತರ ಕೊಡಬಲ್ಲೆ. ಆದರೂ "ಸಂಜೀಕ ಹೇಳ್ತೇನ್ರಿ" ಎಂದು ಫೋನ್ ಇಟ್ಟೆ. ಯಾಕೆಂದರೆ ಈ ಪ್ರಶ್ನೆ ಮೊದಲು ನನ್ನ ಕಿವಿಗೆ ಬಿದ್ದದ್ದು ಬನಹಟ್ಟಿಯ ನಮ್ಮ ಮನೆಯಲ್ಲಿ, ಎಲ್ಲರೂ ರೊಟ್ಟಿ ಮುರಿಯುತ್ತ ಕುಳಿತಾಗ. ಆಗ ಉತ್ತರ ಹೇಳಿದವಳು ಕಣ್ಣು ಕಾಣದ ನನ್ನ ಆಯಿ.

ನಮ್ಮ ಮನೆ ಎಂದರೆ ಒಂದು ಮಗ್ಗ, ಆ ಮಗ್ಗ ಬಿಟ್ಟುಕೊಟ್ಟ ಜಾಗದಲ್ಲಿ ನಾವು. ಬಾಗಿಲು ದಾಟಿದರೆ ಪಡಸಾಲೆ. ಅದರ ನಡುವೆ ಮಗ್ಗದ ಕುಣಿ, ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತ ಅಪ್ಪ. ಎಡಕ್ಕೆ ಅಡುಗೆಮನೆ, ಬಲಕ್ಕೆ ದೇವರ ಜಗಲಿ, ಅದರ ಮೇಲೆ ಕಟ್ಟಿಗೆಯ ಅಟ್ಟ. ಅಟ್ಟದ ಮೇಲೆ ವರ್ಷದ ಉಳ್ಳಾಗಡ್ಡಿ. ಮುಂಜಾನೆಯಿಂದ ಹೊತ್ತು ಮುಳುಗುವ ತನಕ ಲಾಳಿ ಆಚೆಯಿಂದ ಈಚೆ ಓಡುವ ಸಪ್ಪಳ. ಆ ಸಪ್ಪಳ ಇರುವ ತನಕ ನಾವು ಯಾರೂ ಅದನ್ನು ಕೇಳುತ್ತಿರಲಿಲ್ಲ, ನಿಂತರೆ ಮಾತ್ರ ಎಲ್ಲರೂ ತಲೆ ಎತ್ತುತ್ತಿದ್ದೆವು. ಲಾಳಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿಗೆ ಕಂಡಿಕಿ ಅನ್ನುತ್ತೇವೆ. ರಾಟಿ ತಿರುವಿ ಕಂಡಿಕಿ ಸುತ್ತುವುದು ನನ್ನ ಕೆಲಸ. ಅವ್ವನಿಗೆ ರೆಟ್ಟೆ ನೋವು, ರಾಟಿ ತಿರುವಲಾರಳು. ಕಂಡಿಕಿ ಇಲ್ಲದಿದ್ದರೆ ಲಾಳಿ ನಿಂತಿತು, ಲಾಳಿ ನಿಂತರೆ ಒಲೆ ನಿಂತಿತು. ಹೀಗಾಗಿ ನಾನು ಹತ್ತನೆಯ ಇಯತ್ತೆಗೆ ಬಂದ ವರ್ಷ ಮನೆಯಲ್ಲಿ ಒಂದೇ ಮಾತು, ಬೇರೆ ಬೇರೆ ಬಾಯಿಂದ. ಮುಂದೆ ಕಲಿಯಬೇಕೆಂದರೆ ಜಮಖಂಡಿಗೆ ಬಸ್ಸು ಹತ್ತಬೇಕು. ಇವಳು ಮುಂಜಾನೆ ಬಸ್ಸು ಹತ್ತಿ ಹೋದರೆ ರಾಟಿಗೆ ಯಾರು?

ಅಪ್ಪ ಈ ಮಾತಿಗೆ ಹೂಂ ಅನ್ನುತ್ತಿರಲಿಲ್ಲ, ಉಹೂಂ ಅನ್ನುತ್ತಿರಲಿಲ್ಲ. ಅವನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು. ಅವ್ವ ನನ್ನ ಮುಖ ನೋಡಿ ಸುಮ್ಮನಾಗುತ್ತಿದ್ದಳು. ಖಡಾಖಂಡಿತವಾಗಿ ಬೇಡ ಅಂದವಳು ಅಪ್ಪನ ತಾಯಿ, ನಮ್ಮ ಆಯಿ. ಆಯಿಯ ಒಂದು ಕಣ್ಣು ಪೂರ್ತಿ ಹೋಗಿತ್ತು. ಇನ್ನೊಂದರಲ್ಲಿ ಪೊರೆ ಬಂದು ಬೆಳಕು-ನೆರಳಷ್ಟೇ ಉಳಿದಿತ್ತು. ಆಪರೇಶನ್ ಮಾಡಿಸೋಣ ಅಂದರೆ "ಕಣ್ಣಿಗೆ ಕತ್ತರಿ ಹಚ್ಚಗೊಡೂದಿಲ್ಲ, ಮಣ್ಣಿಗೆ ಹೋಗೂ ಕಣ್ಣು, ಇದ್ದಂಗ ಹೋಗಲಿ" ಅನ್ನುತ್ತಿದ್ದಳು. ಬಾಯಿ ಮಾತ್ರ ಎರಡು ಕಣ್ಣುಳ್ಳವರಿಗಿಂತ ಚುರುಕು.

ಆಯಿಗೆ ಒಂದು ದುಃಖವಿತ್ತು. ಬಿದಿಗೆಯ ದಿನ ಪಡುವಣದಲ್ಲಿ ಎಳೆಯ ಚಂದ್ರ ಕಂಡರೆ ಉಟ್ಟ ಬಟ್ಟೆಯಿಂದ ಒಂದು ಎಳೆ ಕಿತ್ತು ಅವನ ಕಡೆ ಒಗೆಯುವುದು ನಮ್ಮಲ್ಲಿಯ ಪದ್ಧತಿ. "ಹಳೇದು ತಗೋ, ಹೊಸಾದು ಕೊಡು" ಎಂದು ಕೇಳಿಕೊಳ್ಳಬೇಕು. ಎಲ್ಲ ಮನೆಗಳಲ್ಲಿ ಇದು ಮಕ್ಕಳ ಆಟ. ನೇಯುವವರ ಮನೆಯಲ್ಲಿ ಆಟವಲ್ಲ. ಊರಿಗೆಲ್ಲ ಸೀರೆ ನೇಯ್ದು ಕೊಟ್ಟು ತಾವು ಹಳೆಯದನ್ನೇ ಉಡುವ ಹೆಂಗಸರು, ತಮಗೂ ಒಂದು ಹೊಸದು ಬರಲಿ ಎಂದು ಚಂದ್ರನ ಹತ್ತಿರ ಬೇಡುವುದು. ಯುಗಾದಿಯ ಮರುದಿನದ ಬಿದಿಗೆಯನ್ನಂತೂ ಆಯಿ ಎಂದೂ ತಪ್ಪಿಸಿದವಳಲ್ಲ. ಕಣ್ಣು ಮಂದವಾದ ಮೇಲೆ ಮಾಳಿಗೆಯ ಮೇಲೆ ನಾವು ಅವಳ ಮುಖ ಹಿಡಿದು ತಿರುಗಿಸಿ, "ಅಲ್ಲಿ ನೋಡ ಆಯಿ, ಬೇವಿನ ಗಿಡದ ಮ್ಯಾಲ" ಅನ್ನಬೇಕು. ಆಯಿ ಸುಮ್ಮನೆ ಆ ಕಡೆಗೆ ಎಳೆ ಒಗೆಯುತ್ತಿದ್ದಳು. ಒಂದು ಸಲ ಕೆಳಗಿಳಿಯುತ್ತ ಅಂದಳು:

"ನೀವ ತೋರಿಸಿದ ಕಡೆ ಒಗದೇನಿ. ಚಂದ್ರಮಗ ಮುಟ್ಟತೋ, ಮಗ್ಗಲ ಮನಿ ಮಾಳಗೀಗೆ ಬಿತ್ತೋ, ಯಾರಿಗೆ ಗೊತ್ತು."

ನಾನು ಜಮಖಂಡಿ ಕಾಲೇಜಿನ ಮಾತು ತೆಗೆದಾಗಲೆಲ್ಲ ಆಯಿಯ ಚುಚ್ಚುಮಾತು ಇದಕ್ಕೇ ಬಂದು ನಿಲ್ಲುತ್ತಿತ್ತು.

"ಕಲ್ತು ಏನ ಮಾಡಾಕಿ ಬೇ? ನಿಮ್ಮ ಸಾಲಿ ನನಗ ಬಿದಗಿ ಚಂದ್ರಮನ್ನ ತೋರಸ್ತೈತೇನ? ತೋರಸ್ಲಿ, ಆವಾಗ ಕಳಸೂಣಂತ."

ಅಷ್ಟೊತ್ತಿಗೆ ಮನೆಯಲ್ಲಿ ಕನ್ನಡಿ ತಿಕ್ಕುವ ಕೆಲಸ ನಡೆದಿತ್ತು. ಅದನ್ನು ತಂದವರು ನಮ್ಮ ಹೊರಗಿನ ಖೋಲಿಯಲ್ಲಿ ಬಾಡಿಗೆಗಿದ್ದ ವಿಜ್ಞಾನದ ಮಾಸ್ತರರು. ಎಲ್ಲಿಯೋ ಶಿಬಿರಕ್ಕೆ ಹೋಗಿ ಬಂದವರು ಎರಡು ದುಂಡನೆಯ ದಪ್ಪ ಗಾಜು, ಒಂದಿಷ್ಟು ಒರಟು ಪುಡಿ ತಂದಿದ್ದರು. ಒಂದರ ಮೇಲೊಂದು ಗಾಜಿಟ್ಟು, ನಡುವೆ ಪುಡಿ, ನೀರು ಹಾಕಿ ತಿಕ್ಕುತ್ತ ಹೋದರೆ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ; ತಗ್ಗಾದದ್ದೇ ಕನ್ನಡಿ. ಮಾಸ್ತರರು ಸ್ವಲ್ಪ ತಿಕ್ಕಿದರೋ ಇಲ್ಲವೋ, ಬೀಳಗಿಗೆ ವರ್ಗ ಆಯಿತು. ಹೋಗುವಾಗ ಗಾಜುಗಳನ್ನು ಅಪ್ಪನ ಕೈಯಲ್ಲಿಟ್ಟರು. "ನಿಮ್ಮ ಕೈಯಾಗ ತಾಳ್ಮಿ ಐತಿ, ನೀವ ಮುಂದವರಸ್ರಿ. ಐತವಾರ ಐತವಾರ ನಾ ಬಂದು ನೋಡ್ತೇನಿ" ಅಂದರು. ಅಪ್ಪ ಉಸುಕು ತುಂಬಿದ ಒಂದು ಬ್ಯಾರಲ್ಲನ್ನು ಪಡಸಾಲೆಯ ಮೂಲೆಯಲ್ಲಿ ನಿಲ್ಲಿಸಿದ. ಮಗ್ಗದಿಂದ ಎದ್ದ ಮೇಲೆ ಅದರ ಸುತ್ತ ತಿರುಗುತ್ತ ಖರ್ ಖರ್ ಎಂದು ತಿಕ್ಕುತ್ತಿದ್ದ.

"ನನ್ನ ಮಗ ಗಾಣದ ಎತ್ತ ಆಗ್ಯಾನ" ಎಂದು ಆಯಿ ಕುಳಿತಲ್ಲಿಂದಲೇ ಕೂಗುತ್ತಿದ್ದಳು. "ಎಣ್ಣಿ ಎಷ್ಟ ಬಿತ್ತೋ ತಮ್ಮಾ?"

"ಬೀಳ್ತೈತಿ ತಡಿಬೇ. ಮೊದಲನೇ ಎಣ್ಣಿ ನಿನಗ."

ಅಪ್ಪ ಯಾಕೆ ಅಷ್ಟು ಹಟ ಹಿಡಿದಿದ್ದ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮಾಸ್ತರರು ಒಮ್ಮೆ ಹೇಳಿದ್ದರು, ಇದು ಬೆಳಕನ್ನು ಕೂಡಿಸುತ್ತದೆ, ಚಂದ್ರನನ್ನು ದೊಡ್ಡದು ಮಾಡುತ್ತದೆ, ಮಂದಗಣ್ಣಿಗೂ ಕಾಣಬಹುದು ಎಂದು. ಕಂಡೇ ಕಾಣುತ್ತದೆ ಅಂದಿರಲಿಲ್ಲ. ಕಾಣಬಹುದು ಅಂದಿದ್ದರು. ಅಪ್ಪನಿಗೆ ಅಷ್ಟು ಸಾಕಾಯಿತು.

ತಿಕ್ಕುವುದು ಮುಗಿದು, ಕುಂಕುಮದಂಥ ಕೆಂಪು ಪುಡಿಯಿಂದ ನುಣುಪು ಮಾಡುವುದೂ ಮುಗಿದ ಐತವಾರ ಮಾಸ್ತರರು ಕನ್ನಡಿಯನ್ನು ಬೆಳಕಿಗೆ ಹಿಡಿದು ತಿರುತಿರುಗಿಸಿ ನೋಡಿ, ಅಪ್ಪನ ಬೆನ್ನು ಚಪ್ಪರಿಸಿದರು. ಅಂದು ನಮ್ಮಲ್ಲೇ ಊಟ. ಅವ್ವ ಜೋಳದ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ ಮಾಡಿ ಬಡಿಸಿದ್ದಳು. ಮಾಸ್ತರರು ತುತ್ತು ನುಂಗಿ ಹೇಳಿದರು, ಇದು ಇನ್ನೂ ಬರೀ ಗಾಜು, ಇದರ ಮುಖಕ್ಕೆ ಲೇಪ ಬೇಕು ಎಂದು.

"ಎರಡ ಹಾದಿ ಅದಾವ್ರಿ. ಒಂದು ಅಲ್ಯುಮಿನಿಯಂ. ಅದು ಮನ್ಯಾಗ ಆಗೂದಿಲ್ಲ, ಪುಣೇಕ ಕಳಸಬೇಕು. ಗಾಳಿ ಎಲ್ಲಾ ತಗದ ಡಬ್ಬ್ಯಾಗಿಟ್ಟು ಹಾಕ್ತಾರ. ಹೋಗಿ ಬರೂದು ಯಾವಾಗೋ. ಆದರ ವರ್ಷಗಟ್ಟಲೆ ಬಾಳ್ತೈತಿ. ಇನ್ನೊಂದು ಬೆಳ್ಳಿ. ಅದನ್ನ ನಾವ ಇಲ್ಲೇ ಬಚ್ಚಲದಾಗ ಮಾಡಬಹುದು. ಹೊಳಪೂ ಹೆಚ್ಚು. ಆದರ ಲಗೂನ ಕಪ್ಪ ಆಗ್ತೈತಿ."

"ಬಾಳೂದ ಛಲೋ ಅಲ್ರೇನ?" ಎಂದಳು ಅವ್ವ. "ಜರ್ಮನ್ ಬೋಗಾಣಿ ನೋಡ್ರಿ, ಕುಟ್ಟಿದ್ರೂ ಏನ ಆಗೂದಿಲ್ಲ."

ನಮ್ಮ ಕಡೆ ಅಲ್ಯುಮಿನಿಯಂ ಪಾತ್ರೆಗೆ ಜರ್ಮನ್ ಅನ್ನುವುದು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಆಯಿ ತಾಟು ಬದಿಗೆ ಸರಿಸಿದಳು.

"ಜರ್ಮನ್‌ನ್ಯಾಗ ನಾ ಮಜ್ಜಿಗಿ ಸುದ್ದಾ ಕುಡಿಯಾಕಿ ಅಲ್ಲ. ಅದರಾಗ ಚಂದ್ರಮನ್ನ ನೋಡಂತೀರೇನ? ಲಿಂಗಕ್ಕ ಬೆಳ್ಳಿ, ಕೂಸಿನ ಕಾಲಿಗೆ ಬೆಳ್ಳಿ. ಚಂದ್ರಮಗ ಜರ್ಮನ್ನಾ?"

"ಕಪ್ಪ ಆಗ್ತೈತಂತಲ್ಲಬೇ" ಎಂದ ಅಪ್ಪ.

"ಆಗ್ಲಿ. ಬೆಳ್ಳಿ ಕಪ್ಪಾಗೂದು, ನಾವು ಬೆಳಗೂದು. ಅದೇನ ಹೊಸಾದೇನ? ಮತ್ತ ಪುಣೇಕ ಹೋಗಿ ಬರೂತನಕ ಈ ಕಣ್ಣಾಗ ಇಷ್ಟರೆ ಬೆಳಕ ಇರ್ತೈತೋ ಇಲ್ಲೋ."

ಬೆಳ್ಳಿ ಎಂದು ಆಯಿತು.

ಮುಂದಿನ ಐತವಾರ ಮಾಸ್ತರರು ಕಂದು ಬಣ್ಣದ ಬಾಟಲಿಯಲ್ಲಿ ಬೆಳ್ಳಿಯ ಉಪ್ಪು, ಮೂಗು ಸುಡುವ ಅಮೋನಿಯಾ, ಕಾಸ್ಟಿಕ್ ತಂದರು. ಶುದ್ಧ ನೀರು ಬೇಕೆಂದು ಅಪ್ಪ ಗ್ಯಾರೇಜಿನಿಂದ ಬ್ಯಾಟರಿಗೆ ಹಾಕುವ ನೀರು ತಂದ. ಸಕ್ಕರೆ ನಮ್ಮದೇ ಸೀಮೆಯದು, ಮುಧೋಳದ ಕಡೆಯ ಕಬ್ಬಿನದು. ಹಿತ್ತಲಿನ ತೆರೆದ ಬಚ್ಚಲಿನಲ್ಲಿ ಪಿಂಗಾಣಿ ಬುಟ್ಟಿ ಇಟ್ಟು ಮಾಸ್ತರರು ಒಂದೊಂದನ್ನೇ ಬೆರೆಸಿದರು. ನೀರು ಮೊದಲು ಕಂದಾಯಿತು, ಅಮೋನಿಯಾ ಹನಿಸುತ್ತ ಹೋದಂತೆ ಮತ್ತೆ ತಿಳಿಯಾಯಿತು. ಸಕ್ಕರೆ ನೀರು ಸುರಿಯುವ ಹೊತ್ತಿಗೆ ಅವರ ದನಿಯೇ ಬದಲಾಯಿತು. "ಈಗ ಯಾರೂ ಮಾತಾಡಬ್ಯಾಡ್ರಿ." ಮಾತಿಗೂ ಲೇಪಕ್ಕೂ ಸಂಬಂಧವಿಲ್ಲ, ಈಗ ನನಗೆ ಗೊತ್ತು. ಆಗ ನಾವು ಉಸಿರನ್ನೂ ಹಿಡಿದಿದ್ದೆವು. ಗಾಜು ಮುಳುಗಿಸಿದ ಬುಟ್ಟಿಯನ್ನು ಮೆಲ್ಲಗೆ ತೂಗುತ್ತ ಹಿಡಿದವಳು ನಾನು. ನೀರು ಮಸಿಯಂತೆ ಕರ್ರಗಾಯಿತು, ಕೆಟ್ಟಿತು ಅಂದುಕೊಂಡೆ. ಮಾಸ್ತರರು ಗಾಜು ಎತ್ತಿ ನೀರು ಹಾಕಿದರು. ಆ ಹೊಲಸಿನ ಒಳಗಿಂದ ಇಡೀ ಆಕಾಶ ಎದ್ದು ಬಂತು. ಹೊಂಗೆಯ ಕೊಂಬೆ, ಮಾಳಿಗೆಯ ಅಂಚು, ಬಗ್ಗಿ ನೋಡುವ ನನ್ನ ದೊಡ್ಡ ಮೂಗು. ಅಂದು ನನ್ನೊಳಗೆ ಏನೋ ತೀರ್ಮಾನವಾಯಿತು. ಇದು ಹೇಗಾಯಿತು ಎಂಬುದನ್ನು ತಿಳಿಯದೆ ನಾನು ರಾಟಿಯ ಮುಂದೆ ಕುಳಿತು ಮುದುಕಿಯಾಗಲಾರೆ ಎಂದು. ಬೆರಳುಗಳು ಎಷ್ಟೋ ದಿನ ಕರ್ರಗೇ ಇದ್ದವು. ಸಾಲೆಯಲ್ಲಿ ಗೆಳತಿಯರು "ಏನಬೇ, ಡಾಂಬರ ಹಚ್ಚಾಕ ಹೋಗಿದ್ದೇನ?" ಅಂದರೆ ನಾನು ಕೈ ಮುಚ್ಚಿಕೊಳ್ಳಲಿಲ್ಲ.

ಆಯಿಗೆ ಮಾತ್ರ ಸಮಾಧಾನವಿಲ್ಲ. ಅವಳು ಬೆಳ್ಳಿ ಕಾಸಿ ಹೊಯ್ಯುತ್ತಾರೆ ಅಂದುಕೊಂಡಿದ್ದಳು. "ಬೆಳ್ಳಿ ಎಷ್ಟ ದಪ್ಪ ಐತೋ ತಮ್ಮಾ?" ಎಂದು ಕೇಳಿದಳು. ಅಪ್ಪ, "ಭಾಳ ತೆಳ್ಳಗ ಬೇ, ನೂಲಿನ ಎಳಿಗಿಂತಾನೂ ತೆಳ್ಳಗ" ಅಂದ. ಆಯಿ ನಂಬಲಿಲ್ಲ. ನೂಲಿಗಿಂತ ತೆಳ್ಳಗಿನದು ಅವಳ ಲೋಕದಲ್ಲಿ ಇರಲಿಲ್ಲ.

ಕನ್ನಡಿ ಆಯಿತು, ಅದನ್ನು ಕೂಡಿಸುವ ಕಟ್ಟಿಗೆಯ ಕೊಳವೆ ಆಗಲಿಲ್ಲ. ಬಡಿಗೇರ ಕಾಕಾ ಇಂದು ನಾಳೆ ಎಂದು ದಿನ ನೂಕಿದ. ಅಲ್ಲಿಯ ತನಕ ಕನ್ನಡಿಗೆ ಮನೆಯಲ್ಲೇ ಎಲ್ಲಕ್ಕೂ ಭದ್ರವಾದ ಜಾಗ ಬೇಕು. ಇಲಿ ಬರಬಾರದು, ಕೈ ತಾಗಬಾರದು. ಅವ್ವ ಹಳೆಯ ಧೋತರದಲ್ಲಿ ಸುತ್ತಿ ಅಟ್ಟದ ಮೇಲೆ ಉಳ್ಳಾಗಡ್ಡಿಯ ನಡುವೆ ಇಟ್ಟಳು. ನಮ್ಮ ಮನೆಗಳಲ್ಲಿ ಅಟ್ಟಕ್ಕಿಂತ ಭದ್ರವಾದ ಜಾಗವಿಲ್ಲ, ಉಳ್ಳಾಗಡ್ಡಿಯಿಲ್ಲದ ಅಟ್ಟವೂ ಇಲ್ಲ. ಉಳ್ಳಾಗಡ್ಡಿಯ ಘಾಟಿನಲ್ಲಿ ಗಂಧಕ ಇರುತ್ತದೆ, ಬೆಳ್ಳಿಯನ್ನು ಕರಿದು ಮಾಡುವುದೇ ಅದು ಎಂದು ನಾನು ಓದಿದ್ದು ಮುಂದೆ ಎಷ್ಟೋ ವರ್ಷಕ್ಕೆ. ನನ್ನ ಪರೀಕ್ಷೆ ಮುಗಿಯಿತು, ಯುಗಾದಿ ಬಂತು, ಬಾಯಿಯ ಹತ್ತಿರ ಮಗ್ಗುಲಲ್ಲಿ ಕಣ್ಣಿಡುವ ತೂತಿನ ಸಹಿತ ಕೊಳವೆಯೂ ಬಂತು. ಯುಗಾದಿಯ ದಿನ ಹೋಳಿಗೆ ಉಂಡು ಅಪ್ಪ ಅಟ್ಟ ಹತ್ತಿ ಗಂಟು ಬಿಚ್ಚಿದ. ಕನ್ನಡಿ ಹಳೆಯ ಹಿತ್ತಾಳೆಯ ಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ಕಂದು.

"ಕಪ್ಪಾತೇನ?" ಎಂದಳು ಆಯಿ.

"ಸ್ವಲ್ಪ ಕಪ್ಪಾಗೇತಿ ಬೇ. ನಡೀತೈತಿ. ನಾಳೆ ಸಂಜೀಕ ನೋಡೂಣು."

ಅವ್ವ ಕನ್ನಡಿಯನ್ನು ಮತ್ತೆ ಅಟ್ಟಕ್ಕೆ ಏರಿಸದೆ ದೇವರ ಜಗಲಿಯ ಮೇಲೆ ಇಟ್ಟಳು. ಹಬ್ಬದ ಅರಿಷಿಣ ಕುಂಕುಮದ ಪಕ್ಕದಲ್ಲಿ.

ಮರುದಿನ ಮುಂಜಾನೆ ನಾನು ಬಾವಿಯಿಂದ ನೀರು ಹೊತ್ತು ಒಳಗೆ ಬಂದೆ. ಆಯಿ ಸ್ನಾನ ಮಾಡಿ ಜಗಲಿಯ ಮುಂದೆ ಕುಳಿತಿದ್ದಳು. ಅವಳ ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ ಇತ್ತು, ಪ್ರತಿ ಸೋಮವಾರ ಅದನ್ನು ವಿಭೂತಿಯಿಂದ ತಿಕ್ಕುವುದು ಅವಳ ನೇಮ. ಬೆಳ್ಳಿ ಕಪ್ಪಾದರೆ ವಿಭೂತಿ ಹಚ್ಚಿ ಮೆತ್ತಗಿನ ಅರಿವೆಯಿಂದ ತಿಕ್ಕುವುದು ನಮ್ಮಲ್ಲಿ ಕೂಸಿಗೂ ಗೊತ್ತು. ಅಂದು ಅವಳ ತೊಡೆಯ ಮೇಲೆ ಕರಡಿಗೆ ಇರಲಿಲ್ಲ. ಕನ್ನಡಿ ಇತ್ತು. ಎರಡೂ ಕೈಯಲ್ಲಿ ಹಸುಗೂಸಿನಂತೆ ಹಿಡಿದು, ತನ್ನ ಹಳೆಯ ಸೀರೆಯ ತುಂಡಿನಿಂದ ದುಂಡಗೆ, ನಿಧಾನವಾಗಿ ತಿಕ್ಕುತ್ತಿದ್ದಳು. ನನ್ನ ಹೆಜ್ಜೆಯ ಸಪ್ಪಳ ಕೇಳಿ ಮುಖವೆತ್ತಿದಳು. ಅಷ್ಟು ಸಂತೋಷದ ಮುಖ ನಾನು ಕಂಡಿರಲಿಲ್ಲ.

"ನೋಡ ಬಾ ಬೇ. ನಿಮ್ಮಪ್ಪ ಇಷ್ಟ ಕಷ್ಟಪಟ್ಟ ಮಾಡ್ಯಾನ, ಮೈಲಿಗಿ ಇಟ್ಕೊಂಡ ಚಂದ್ರಮನ್ನ ನೋಡಬೇಕೇನ? ಎಷ್ಟ ಹೊಲಸ ಬಂತ ನೋಡ ಅರಿವಿಗೆ."

ಅರಿವೆ ಕರ್ರಗಾಗಿತ್ತು. ಆ ಹೊಲಸೇ ಬೆಳ್ಳಿ. ಮನೆಯ ಕನ್ನಡಿಗೆ ಲೇಪ ಗಾಜಿನ ಹಿಂದೆ ಇರುತ್ತದೆ, ಇದಕ್ಕೆ ಮುಂದೆ. ಅದನ್ನು ಆಯಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಡುವೆಲ್ಲ ಬರೀ ಗಾಜು ಕಾಣುತ್ತಿತ್ತು, ಅದರ ಮೂಲಕ ಆಯಿಯ ಸೀರೆಯ ನಿರಿಗೆ. ಅವಳ ಹೆಬ್ಬೆರಳುಗಳು ಹಿಡಿದಿದ್ದ ಅಂಚಿನ ಉದ್ದಕ್ಕೂ ಬಳೆಯಗಲದ ಬೆಳ್ಳಿ ಉಳಿದಿತ್ತು.

"ಛಲೋ ಆಗೇತಿ ಆಯಿ, ಸಾಕು" ಎಂದು ನಾನು ಕನ್ನಡಿ ತೆಗೆದುಕೊಂಡೆ. ಪಡಸಾಲೆಗೆ ಬಂದು ಮಗ್ಗದಲ್ಲಿ ಕುಳಿತ ಅಪ್ಪನ ಮುಂದೆ ಹಿಡಿದೆ. ಅಪ್ಪ ನೋಡಿದ. ಲಾಳಿ ಅವನ ಕೈಯಲ್ಲೇ ನಿಂತಿತು. ಮಗ್ಗ ನಿಂತಿತು. ಒಳಗಿಂದ ಆಯಿಯ ದನಿ:

"ಯಾಕೋ ತಮ್ಮಾ, ಮಗ್ಗ ಯಾಕ ನಿಂತೈತಿ?"

ಅಪ್ಪ ನನ್ನ ಮುಖ ನೋಡುತ್ತಲೇ ಅಂದ:

"ನೂಲ ಹರೀತಬೇ. ಕೂಡಸಾಕತ್ತೇನಿ."

ಹಾಗೆಂದು ಅವನು ಕುಣಿಯಲ್ಲೇ ಕುಳಿತ. ಅವ್ವ ಅಡುಗೆಮನೆಯಿಂದ ಬಂದವಳು ಕನ್ನಡಿ ಕಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಯಾರೂ ಆಯಿಯನ್ನು ಬೈಯಲಿಲ್ಲ. ಮಾಸ್ತರರು ಬೀಳಗಿಯಲ್ಲಿ, ಬೆಳ್ಳಿಯ ಉಪ್ಪು ಮುಗಿದಿದೆ, ಬಿದಿಗೆ ಇವತ್ತೇ.

"ಸಂಜೀಕ ಮೋಡ ಐತಿ ಅಂತ ಹೇಳೂಣು" ಎಂದ ಅಪ್ಪ, ದನಿ ತಗ್ಗಿಸಿ. "ಮುಂದಿನ ಬಿದಗೀಗೆ ನೋಡೂಣು."

ಮುಂದಿನ ಬಿದಿಗೆಗೆ ಆ ಕಣ್ಣಲ್ಲಿ ಏನು ಉಳಿದಿರುತ್ತದೆ ಎಂದು ಅವನೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಆಗ ನನಗೆ ಪುಸ್ತಕದ ಒಂದು ಪ್ರಶ್ನೆ ನೆನಪಾಯಿತು. ಮಸೂರದ ಅರ್ಧವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ಬಿಂಬ ಅರ್ಧ ಬೀಳುತ್ತದೆಯೇ, ಪೂರ್ತಿ ಬೀಳುತ್ತದೆಯೇ? ಪೂರ್ತಿ ಎಂದು ಉತ್ತರ ಬರೆದು ಅಂಕ ಪಡೆದಿದ್ದೆ. ಬರೆದಿದ್ದೆ ಅಷ್ಟೆ. ನಂಬಿರಲಿಲ್ಲ.

"ಅಪ್ಪಾ, ಅಂಚಿನಾಗ ಬೆಳ್ಳಿ ಐತಿ. ಅಷ್ಟ ಸಾಕು. ಚಂದ್ರಮ ಪೂರ್ತಿ ಕಾಣ್ತಾನ."

"ಹುಚ್ಚಿ. ಬಳಿ ಅಷ್ಟ ಬೆಳ್ಳಿ ಐತಿ, ಬಳಿ ಅಷ್ಟ ಚಂದ್ರಮ ಕಾಣ್ತಾನ. ನಡುವ ಏನ ಕಾಣ್ತೈತಿ, ತೂತ?"

ನಾನು ವಾದ ಮಾಡಲಿಲ್ಲ. ಅಪ್ಪ ನೂಲಿನ ಎಳೆ ಎಣಿಸಲು ಇಟ್ಟುಕೊಂಡ ಭೂತಗನ್ನಡಿಯನ್ನು ಎತ್ತಿಕೊಂಡೆ. ಬಾಗಿಲಿನ ಎದುರಿನ ಗೋಡೆಗೆ ಹಿಡಿದು ಹಿಂದೆ ಮುಂದೆ ಸರಿಸಿದೆ. ಸುಣ್ಣದ ಗೋಡೆಯ ಮೇಲೆ ನಮ್ಮ ಬಾಗಿಲು ಬಿತ್ತು, ಬೆರಳಿನಷ್ಟು, ತಲೆಕೆಳಗಾಗಿ, ತೋರಣ ಸಹಿತ. ಆಮೇಲೆ ಭೂತಗನ್ನಡಿಯ ನಟ್ಟನಡುವೆ ಕುಂಕುಮದ ಡಬ್ಬಿಯ ಮುಚ್ಚಳ ಹಿಡಿದೆ. ಗೋಡೆಯ ಮೇಲಿನ ಬಾಗಿಲು ಮಂಕಾಯಿತು. ತೂತು ಬೀಳಲಿಲ್ಲ. ತೋರಣದ ಎಲೆ ಎಲೆಯೂ ಇದ್ದಲ್ಲೇ ಇತ್ತು.

ಅಪ್ಪ ಕುಣಿಯಿಂದ ಮೇಲೆ ಬಂದ. ಗೋಡೆಯ ಹತ್ತಿರ ಹೋಗಿ ಆ ಬಾಗಿಲನ್ನು ಬೆರಳಿನಿಂದ ಮುಟ್ಟಿದ.

"ಮತ್ತ ಮುಚ್ಚು."

ಮುಚ್ಚಿದೆ.

"ತಗಿ. ಇನ್ನೊಮ್ಮೆ ಮುಚ್ಚು."

ಆಮೇಲೆ ಅವನು ಕಟ್ಟಿಗೆಯ ಕೊಳವೆಯನ್ನು ಎಳೆದುಕೊಂಡು ಕನ್ನಡಿ ಕೂಡಿಸತೊಡಗಿದ.

ಸಂಜೆ ಮಾಳಿಗೆಗೆ ಆಯಿಯನ್ನು ಹತ್ತಿಸಿದೆವು. ಏಣಿಯ ಮೇಲೆ ಅವ್ವ ಮುಂದೆ, ಅಪ್ಪ ಹಿಂದೆ, ನಡುವೆ ಬೈಯುತ್ತ ಆಯಿ. ಹೊತ್ತು ಮುಳುಗಿ ಪಡುವಣ ಇನ್ನೂ ಕೆಂಪಗಿತ್ತು. ಬೇವಿನ ಗಿಡದ ಮೇಲೆ ಚಂದ್ರ, ಉಗುರಿನಿಂದ ಗೀರಿದಷ್ಟು, ದೋಣಿಯ ಹಾಗೆ ಕೋಡು ಮೇಲಕ್ಕೆ ಮಾಡಿಕೊಂಡು ಮಲಗಿದ್ದ. ಅಪ್ಪ ಕೊಳವೆ ತಿರುಗಿಸಿ ಮೊದಲು ತಾನು ನೋಡಲಿಲ್ಲ. "ನೀ ನೋಡು, ನೀ ಹೇಳಿದಾಕಿ" ಅಂದ. ನಾನು ಕಣ್ಣಿಟ್ಟೆ. ಚಂದ್ರ ಇದ್ದ. ಬಳೆಯಲ್ಲ, ತುಂಡಲ್ಲ, ತೂತಿಲ್ಲ. ಒಂದು ಕೋಡಿನಿಂದ ಇನ್ನೊಂದು ಕೋಡಿನ ತನಕ ಇಡಿಯಾಗಿ ಇದ್ದ. ತಲೆಯಾಡಿಸಿ ಸರಿದೆ.

ಅಪ್ಪ ಆಯಿಯ ತಲೆಯನ್ನು ಎರಡೂ ಕೈಯಿಂದ ಹಿಡಿದು ಅವಳ ಉಳಿದ ಕಣ್ಣನ್ನು ಸರಿಯಾದ ಜಾಗಕ್ಕೆ ತಂದ. ಆಯಿ ಸುಮ್ಮನೆ ನಿಂತಳು. ಕೆಳಗೆ ಬೀದಿಯಲ್ಲಿ ಯಾರದೋ ಎಮ್ಮೆ ಮನೆಗೆ ಹೋಗುತ್ತಿತ್ತು, ಅದರ ಕೊರಳ ಗಂಟೆ ಸಪ್ಪಳ ಮಾಡುತ್ತ ದೂರವಾಯಿತು. ಆಯಿ ಇನ್ನೂ ನಿಂತಿದ್ದಳು. ಕಾಣುತ್ತಿಲ್ಲ ಎಂದು ನನಗೆ ಖಾತ್ರಿಯಾಯಿತು. ಇನ್ನೊಂದು ಭಯವೂ ಹುಟ್ಟಿತು: ಕಾಣದಿದ್ದರೂ, ಮಗ ಮಾಡಿದ್ದಲ್ಲವೇ, ಕಂಡಿತು ಅಂದುಬಿಡುತ್ತಾಳೆ.

"ಕಾಣ್ತೇನಬೇ?" ಎಂದ ಅಪ್ಪ. ಅವನ ದನಿಯಲ್ಲೂ ಅದೇ ಭಯವಿತ್ತು.

ಆಯಿ ಕಣ್ಣು ತೆಗೆಯದೆ ಅಂದಳು:

"ಯಾಕೋ ತಮ್ಮಾ, ಬೋರಲ ಬಿದ್ದಾನಲ್ಲೋ ಇಂವ? ಕೋಡ ಎರಡೂ ಕೆಳಗ ಮಾಡ್ಯಾನ."

ಅಪ್ಪ ಮಾಳಿಗೆಯ ಮೇಲೆ ಹಾಗೆಯೇ ಕುಳಿತುಬಿಟ್ಟ. ಕನ್ನಡಿಯಲ್ಲಿ ಚಂದ್ರ ತಲೆಕೆಳಗಾಗಿ ಕಾಣುತ್ತಾನೆ ಎಂದು ಆಯಿಗೆ ಯಾರೂ ಹೇಳಿರಲಿಲ್ಲ. ಕಣ್ಣಾರೆ ಕಂಡವರಷ್ಟೇ ಆ ಮಾತು ಹೇಳಬೇಕು. ಅವ್ವ ಅಳುತ್ತಿದ್ದಳು, ಅಳುತ್ತಲೇ ನಗುತ್ತಿದ್ದಳು. ಆಯಿಗೆ ಇದಾವುದರ ಪರಿವೆ ಇಲ್ಲ. ತಡಕಾಡಿ ಸೆರಗಿನ ತುದಿಯಿಂದ ಒಂದು ಎಳೆ ಕಿತ್ತಳು. ಪಡುವಣಕ್ಕೆ ತಿರುಗಲಿಲ್ಲ. ಕೈಯಿಂದ ಸವರುತ್ತ ಹೋಗಿ ಕೊಳವೆಯ ತೆರೆದ ಬಾಯಿ ಹುಡುಕಿ, ಅದರೊಳಗೆ ಎಳೆ ಬಿಟ್ಟಳು.

"ಹಳೇದು ತಗೋ, ಹೊಸಾದು ಕೊಡು."

"ಆಯಿ, ಅದು ಒಳಗ ಬಿತ್ತು" ಎಂದೆ ನಾನು.

"ಬೀಳ್ಲಿ ಬಿಡ. ಅಂವ ಒಳಗ ಅದಾನಲ್ಲ."

ನಾನು ಮತ್ತೆ ನೋಡಿದೆ. ಎಳೆ ಕನ್ನಡಿಯ ಮೇಲೆ ಎಲ್ಲಿಯೋ ಬಿದ್ದಿರಬೇಕು. ಚಂದ್ರನ ಮೇಲೆ ಅದರ ಗೆರೆ ಸಹ ಕಾಣಲಿಲ್ಲ.

ಕೆಳಗಿಳಿದು ಬಂದು ಊಟಕ್ಕೆ ಕುಳಿತೆವು. ಹಬ್ಬದ ಉಳಿದ ಹೋಳಿಗೆ, ಕಟ್ಟಿನ ಸಾರು. ಅಪ್ಪ ಎರಡು ತುತ್ತು ಉಂಡವನು ಯಾರಿಗೂ ಅಲ್ಲ ಎಂಬಂತೆ ಅಂದ, ಮಾಸ್ತರರಿಗೆ ಹೇಳಿ ಮತ್ತೆ ಬೆಳ್ಳಿಯ ಉಪ್ಪು ತರಿಸಬೇಕು ಎಂದು. ಯಾಕೆ ಎಂದು ಹೇಳಲಿಲ್ಲ. ಆಯಿ ಹೋಳಿಗೆಯ ಮೇಲೆ ತುಪ್ಪ ಸವರುತ್ತ,

"ಬ್ಯಾಡ. ಜರ್ಮನ್ ಹಾಕಸ್ರಿ" ಅಂದಳು.

ಎಲ್ಲರ ಕೈಗಳೂ ತಾಟಿನಲ್ಲೇ ನಿಂತವು.

"ಬೆಳ್ಳಿ ಇದ್ರ ನಾ ಮತ್ತ ತಿಕ್ಕತೇನಿ. ಕೈ ಕೇಳೂದಿಲ್ಲ." ತುಪ್ಪದ ಬೆರಳನ್ನು ನೆಕ್ಕಿಕೊಂಡು ಅಪ್ಪನ ಕಡೆ ಮುಖ ಮಾಡಿದಳು. "ನೂಲ ಹರದ್ರ ಮಗ್ಗ ಹಂಗ ನಿಂದರೂದಿಲ್ಲೋ ತಮ್ಮಾ. ನಾ ಈ ಮಗ್ಗದ ಬುಡಕ ಮುದುಕಿ ಆದಾಕಿ."

ಅಪ್ಪ ತಲೆ ತಗ್ಗಿಸಿದ. ಮುಂಜಾನೆಯಿಂದ ಆಯಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನಮ್ಮ ಪಿಸುಮಾತು ಕೇಳಿಸಿಕೊಳ್ಳುತ್ತ, ನಾವು ಏನು ಮಾಡುತ್ತೇವೆ ಎಂದು ಕಾದಿದ್ದಳು, ಏಣಿ ಹತ್ತಿದ್ದಳು. ಅವ್ವ ಅವಳ ತಾಟಿಗೆ ಇನ್ನೊಂದು ಹೋಳಿಗೆ ಹಾಕಲು ಬಂದರೆ ಆಯಿ ಕೈ ಅಡ್ಡ ಹಿಡಿದಳು.

"ಮತ್ತ ನಾಳಿಂದ ಕಂಡಿಕಿ ನಾ ಸುತ್ತತೇನಿ. ಅದಕ್ಕ ಕಣ್ಣೇನ ಬೇಕಾಗಿಲ್ಲ, ಬೆರಳ ಇದ್ರ ಸಾಕು. ಇಕಿನ್ನ ಜಮಖಂಡಿಗೆ ಕಳಸ್ರಿ."

ಕನ್ನಡಿಯನ್ನು ಪುಣೆಗೆ ಕಳಿಸಲು ಬಿಚ್ಚಿದಾಗ ಅಂಚಿನ ಕಂದು ಬೆಳ್ಳಿಯ ಮೇಲೆ ಆ ಎಳೆ ಹಾಗೆಯೇ ಇತ್ತು, ಇಳಕಲ್ ಸೀರೆಯ ಕೆಂಪು ಸೆರಗಿನ ಎಳೆ. ಅಪ್ಪ ಅದನ್ನು ಎತ್ತಿ ಎಲ್ಲಿಟ್ಟನೋ ನನಗೆ ತಿಳಿಯದು. ನಾನು ಕಾಲೇಜಿಗೆ ಹೊರಟ ಮೊದಲ ದಿನ ಮುಂಜಾನೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದು ಓಣಿಯ ತಿರುವಿನ ತನಕ ಬಂದೆ. ಹಿಂದಿನಿಂದ ನಮ್ಮ ಮನೆಯ ರಾಟಿಯ ಸಪ್ಪಳ ಕೇಳುತ್ತಿತ್ತು. ನಾನು ತಿರುವಿದ ಹಾಗೆ ಲಗುಬಗೆಯ ಸಪ್ಪಳವಲ್ಲ. ನಿಂತು, ತಡವರಿಸಿ, ಎಳೆ ಹುಡುಕಿಕೊಂಡು ಮತ್ತೆ ಹೊರಡುವ ಸಪ್ಪಳ.

ಮೊನ್ನೆ ಸಂಜೆ ಫೋನ್ ಹಚ್ಚಿ ಪುಣೆಯವರಿಗೆ ಹೇಳಿದೆ, ಅಲ್ಯುಮಿನಿಯಂ ಹಾಕಿರಿ, ಮೇಲೆ ಗಟ್ಟಿ ಪದರವನ್ನೂ ಹಾಕಿರಿ ಎಂದು. ಮನೆಯೊಳಗೆ ಧೂಳು ಬಹಳವೇ ಎಂದು ಅವರು ಕೇಳಿದರು.

"ಧೂಳ ಅಲ್ರಿ" ಅಂದೆ. "ನಮ್ಮ ಮನ್ಯಾಗ ವಿಭೂತಿ ಹಚ್ಚಿ ತಿಕ್ಕತಾರ."